‘ಸಪೋರ್ಟ್ ಇಲ್ಲ’ ಎಂದ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಂ ಹಾಕುವುದು ಕಾನೂನುಬದ್ಧವೇ?

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿರುವುದು ಇಂಟೆಲ್ ಏಳನೇ ತಲೆಮಾರಿನ ಪ್ರೊಸೆಸರ್. ಅಸಲಿ ವಿಂಡೋಸ್ 10 ಅದರ ಜೊತೆಗೇ ಬಂದಿತ್ತು. ವಿಂಡೋಸ್ 11 ಹಾಕಲು ಹೋದರೆ ‘ಈ ಪಿಸಿ ಅರ್ಹವಲ್ಲ’ ಎನ್ನುತ್ತದೆ. ತಪಾಸಣೆ ದಾಟಿಸಿ ಹಾಕಿಕೊಂಡರೆ ಅದು ಪೈರಸಿ ಆಗುತ್ತದೆಯೇ? ಬಿಡಿಭಾಗ ಕೊಂಡು ಜೋಡಿಸಿದ ಡೆಸ್ಕ್‌ಟಾಪ್ ಒಂದಿದೆ, ಅದಕ್ಕೆ ಮ್ಯಾಕ್‌ಓಎಸ್ ಹಾಕಬಹುದೇ? ಪರಿಚಯದವರು ಕೇಳಿದರೆ ಇದನ್ನೆಲ್ಲ ಹಣ ತೆಗೆದುಕೊಂಡು ಮಾಡಿಕೊಡಬಹುದೇ?

ಉತ್ತರ: ಮೂರೂ ಪ್ರಶ್ನೆ ಒಂದೇ ಥರ ಕಂಡರೂ ಉತ್ತರ ಮೂರು ಬಗೆ. ನಿಮ್ಮ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕಿಕೊಂಡರೆ ಅದನ್ನು ಪೈರಸಿ ಎನ್ನಲು ಆಧಾರವಿಲ್ಲ. ಆಪಲ್ ತಯಾರಿಸದ ಡೆಸ್ಕ್‌ಟಾಪಿಗೆ ಮ್ಯಾಕ್‌ಓಎಸ್ ಹಾಕಿದರೆ ಲೈಸೆನ್ಸ್ ಮುರಿದಂತೆಯೇ, ಅದರಲ್ಲಿ ಅನುಮಾನ ಇಟ್ಟುಕೊಳ್ಳಬೇಡಿ. ಹಣಕ್ಕೆ ಮಾಡಿಕೊಡುವ ಮಾತು ಮಾತ್ರ, ನೀವು ಯಾವ ಪ್ರತಿಯನ್ನು ಎಲ್ಲಿಂದ ತಂದು ಯಾರ ಕೈಗೆ ಕೊಡುತ್ತೀರಿ ಎನ್ನುವುದರ ಮೇಲೆ ನಿಂತಿದೆ.

ಗೊಂದಲವೆಲ್ಲ ‘ಅನ್‌ಸಪೋರ್ಟೆಡ್’ ಎಂಬ ಒಂದು ಪದದಿಂದ. ತಯಾರಕರು ತಮ್ಮ ಹೊಣೆ ಎಲ್ಲಿಗೆ ಮುಗಿಯುತ್ತದೆ ಎಂದು ಹೇಳುವ ಪದ ಅದು. ಈ ಯಂತ್ರದ ಮೇಲೆ ನಾವು ಪರೀಕ್ಷೆ ಮಾಡಿಲ್ಲ, ಕೆಟ್ಟರೆ ನಮ್ಮ ಬಳಿ ಬರಬೇಡಿ ಎಂದಷ್ಟೇ ಅರ್ಥ. ‘ಇಲ್ಲಿ ಹಾಕಲು ನಿಮಗೆ ಅನುಮತಿ ಇಲ್ಲ’ ಎನ್ನುವುದು ಬೇರೆಯೇ ಮಾತು. ಅದು ಇದ್ದರೆ ಲೈಸೆನ್ಸ್ ಒಪ್ಪಂದದ ಒಳಗೆ ಇರುತ್ತದೆ, ಹಾರ್ಡ್‌ವೇರ್ ಪಟ್ಟಿಯಲ್ಲಿ ಇರುವುದಿಲ್ಲ. ವಿಂಡೋಸ್ 11ರ ಪಟ್ಟಿಯನ್ನೇ ನೋಡಿ. ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಈಚೆಗೆ, ಎಎಂಡಿಯಲ್ಲಿ ರೈಜನ್ 2000 ಸರಣಿಯಿಂದ ಈಚೆಗೆ ಎಂದು ಗೆರೆ ಎಳೆದಿದ್ದರು. 2021ರ ಆಗಸ್ಟ್‌ನಲ್ಲಿ ಏಳನೇ ತಲೆಮಾರಿನ ಕೋರ್ ಐ7-7820ಎಚ್‌ಕ್ಯೂ ಕೂಡ ಒಳಗೆ ಬಂತು. ಅದು ಮೈಕ್ರೋಸಾಫ್ಟ್‌ನದೇ ಸರ್ಫೇಸ್ ಸ್ಟುಡಿಯೋ 2ರಲ್ಲಿದ್ದ ಚಿಪ್. ಹೀಗೆ ತಯಾರಕರು ಬೇಕೆಂದಾಗ ಹಿಗ್ಗಿಸುವ, ಕುಗ್ಗಿಸುವ ಪಟ್ಟಿಯನ್ನು ಕಾನೂನಿನ ನಿಷೇಧ ಎಂದು ಓದಬಾರದು.

ಹಾಗಾದರೆ ಕಾನೂನು ಏನನ್ನು ನೋಡುತ್ತದೆ? ನಿಮ್ಮ ಕೈಯಲ್ಲಿರುವ ಪ್ರತಿ ಎಲ್ಲಿಂದ ಬಂತು. ಲೈಸೆನ್ಸ್ ಆ ಪ್ರತಿಯನ್ನು ಯಾವುದಾದರೂ ಯಂತ್ರಕ್ಕೆ ಕಟ್ಟಿಹಾಕಿದೆಯೇ. ಹಾಕುವಾಗ ಯಾವುದಾದರೂ ಬೀಗ ಮುರಿದಿರಾ. ಆಮೇಲೆ ಅದನ್ನು ಬೇರೆಯವರಿಗೆ ಹಂಚಿದಿರಾ. ಈ ನಾಲ್ಕನ್ನೂ ಕೇಳಿಕೊಂಡರೆ ಹೆಚ್ಚಿನ ಸಂದರ್ಭಗಳು ತಾವೇ ಬಿಡಿಸಿಕೊಳ್ಳುತ್ತವೆ.

ಲೈಸೆನ್ಸ್‌ಗೆ ಅಷ್ಟು ತೂಕ ಏಕೆ ಎಂದರೆ, ಕೃತಿಸ್ವಾಮ್ಯದ ಕಣ್ಣಲ್ಲಿ ಇನ್‌ಸ್ಟಾಲ್ ಮಾಡುವುದೆಂದರೆ ಡಿಸ್ಕಿನ ಮೇಲೆ ಒಂದು ಪ್ರತಿ ಮಾಡುವುದು. ಓಡಿಸುವುದೂ ಅಷ್ಟೆ: ಪ್ರೋಗ್ರಾಂ ರ‍್ಯಾಮ್‌ಗೆ ಬಂದರೆ ಅದೂ ಪ್ರತಿಯೇ ಎಂದು ಅಮೆರಿಕದ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 1993ರಲ್ಲಿ ಎಂಎಐ ಮತ್ತು ಪೀಕ್ ನಡುವಿನ ವ್ಯಾಜ್ಯದಲ್ಲಿ ಹೇಳಿತು. ಪ್ರತಿ ಮಾಡುವ ಹಕ್ಕು ಮಾಲೀಕರದ್ದಾದ್ದರಿಂದ ನಮಗೆ ಅನುಮತಿ ಬೇಕು, ಆ ಅನುಮತಿಯೇ ಲೈಸೆನ್ಸ್. ಆದರೆ ಲೈಸೆನ್ಸಿನ ಯಾವ ಸಾಲು ಮೀರಿದರೂ ಕೃತಿಸ್ವಾಮ್ಯ ಮುರಿದಂತಾಗುವುದಿಲ್ಲ. ಅದೇ ನ್ಯಾಯಾಲಯ 2010ರಲ್ಲಿ ಎಂಡಿವೈ ಮತ್ತು ಬ್ಲಿಝಾರ್ಡ್ ಪ್ರಕರಣದಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದೆ. ಪ್ರತಿ ಮಾಡುವುದು, ಮಾರ್ಪಡಿಸುವುದು, ಹಂಚುವುದು ಇಂಥ ಮಾಲೀಕರ ಹಕ್ಕಿಗೇ ತಾಕುವ ಷರತ್ತನ್ನು ಮೀರಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆ. ‘ಹೀಗೆ ಬಳಸುವುದಿಲ್ಲ’ ಎಂದು ಕೊಟ್ಟ ಮಾತಿಗೆ ತಪ್ಪಿದರೆ ಅದು ಒಪ್ಪಂದ ಮುರಿದದ್ದು ಮಾತ್ರ. ಎರಡರ ಪರಿಣಾಮವೂ ಬೇರೆ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ, ಅನೇಕರು ಅದನ್ನು ಬಿಟ್ಟು ಓದುತ್ತಾರೆ: ಕೃತಿಯನ್ನು ಕಾಯುವ ತಾಂತ್ರಿಕ ಬೀಗವನ್ನು ದಾಟಿದರೆ, ಕೃತಿಸ್ವಾಮ್ಯ ಉಲ್ಲಂಘನೆ ಆಗದಿದ್ದರೂ, ಅಮೆರಿಕದ ಡಿಎಂಸಿಎ ಎಂಬ ಡಿಜಿಟಲ್ ಕೃತಿಸ್ವಾಮ್ಯ ಕಾಯ್ದೆಯಡಿ ಅದೇ ಒಂದು ತಪ್ಪಾಗಬಹುದು.

ಎಲ್ಲ ದೇಶದಲ್ಲೂ ಹೀಗೇ ಇಲ್ಲ. ಯುರೋಪಿನ 2009ರ ಸಾಫ್ಟ್‌ವೇರ್ ನಿರ್ದೇಶನದ 5ನೇ ವಿಧಿ, ನ್ಯಾಯವಾಗಿ ಪಡೆದವರು ಉದ್ದೇಶಿತ ಬಳಕೆಗೆ ಬೇಕಾದ ಪ್ರತಿ ಮಾಡಿಕೊಳ್ಳಲು ಬೇರೆ ಅನುಮತಿ ಬೇಡ ಎನ್ನುತ್ತದೆ. ಒಪ್ಪಂದದಲ್ಲಿ ನಿರ್ದಿಷ್ಟವಾಗಿ ಬೇರೆ ಬರೆದಿದ್ದರೆ ಮಾತು ಬೇರೆ. ಹಣ ಕೊಟ್ಟು ಕಾಯಂ ಲೈಸೆನ್ಸ್ ಪಡೆದರೆ ಅದು ಮಾರಾಟವೇ, ಅದನ್ನು ಮರುಮಾರಾಟ ಮಾಡಬಹುದು ಎಂದು ಅಲ್ಲಿನ ಅತ್ಯುಚ್ಚ ನ್ಯಾಯಾಲಯ 2012ರ ಯೂಸ್ಡ್‌ಸಾಫ್ಟ್ ತೀರ್ಪಿನಲ್ಲಿ ಹೇಳಿತು. ಭಾರತದ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಕೂಡ, ನ್ಯಾಯವಾಗಿ ಪ್ರೋಗ್ರಾಂ ಹೊಂದಿದವರು ಅದನ್ನು ಕೊಟ್ಟ ಉದ್ದೇಶಕ್ಕೆ ಬಳಸಲು ಪ್ರತಿ ಮಾಡುವುದಕ್ಕೂ ಹೊಂದಿಸಿಕೊಳ್ಳುವುದಕ್ಕೂ ಅವಕಾಶ ಕೊಟ್ಟಿದೆ. 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಂ ಬೀಗ ಮುರಿದವರಿಗೆ ಎರಡು ವರ್ಷದವರೆಗೆ ಜೈಲು ಎನ್ನುತ್ತದೆ, ಆದರೆ ಹಕ್ಕು ಉಲ್ಲಂಘಿಸುವ ಉದ್ದೇಶದಿಂದಲೇ ಮುರಿದಿರಬೇಕು. ಉದ್ದೇಶ ನೋಡುವ ಈ ಒಂದು ಪದದಿಂದ ಅಮೆರಿಕದ ಕಾನೂನಿಗೂ ಇದಕ್ಕೂ ದೊಡ್ಡ ಅಂತರವಿದೆ. ಆದ್ದರಿಂದ ಅಲ್ಲಿನ ತೀರ್ಪುಗಳನ್ನು ದಾರಿದೀಪವಾಗಿ ಇಟ್ಟುಕೊಳ್ಳಿ, ನೀವಿರುವ ಕಡೆಯ ಕಾಯ್ದೆ ಎಂದು ತಿಳಿಯಬೇಡಿ.

ಈಗ ನಿಮ್ಮ ಲ್ಯಾಪ್‌ಟಾಪು. ವಿಂಡೋಸ್ ಲೈಸೆನ್ಸಿನಲ್ಲಿ ‘ಸಾಧನ’ ಎಂದರೆ ಸಾಫ್ಟ್‌ವೇರ್ ಓಡಿಸಬಲ್ಲ, ಒಳಗೇ ಸ್ಟೋರೇಜ್ ಇರುವ ಹಾರ್ಡ್‌ವೇರ್. ನಿಜದ್ದಾದರೂ ಸರಿ, ವರ್ಚುವಲ್ ಆದರೂ ಸರಿ. ಆ ವ್ಯಾಖ್ಯೆಯಲ್ಲಿ ಟಿಪಿಎಂ (ಗುಪ್ತ ಕೀಗಳನ್ನು ಕಾಯುವ ಭದ್ರತಾ ಚಿಪ್) ಇಲ್ಲ, ಪ್ರೊಸೆಸರಿನ ತಲೆಮಾರೂ ಇಲ್ಲ. ಅಲ್ಲಿಗೆ ದಾರಿ ಸಲೀಸು. ಆದರೆ ಅದೇ ಒಪ್ಪಂದದಲ್ಲಿ ‘ಸಾಫ್ಟ್‌ವೇರಿನ ತಾಂತ್ರಿಕ ಮಿತಿಗಳನ್ನು ತಪ್ಪಿಸಿ ದಾಟಬಾರದು’ ಎಂಬ ಸಾಲೂ ಇದೆ. ಇನ್‌ಸ್ಟಾಲರಿನ ತಪಾಸಣೆಯನ್ನು ದಾಟಿಸುವುದು ಇದರಡಿ ಬರುತ್ತದೆ ಎಂದು ಯಾರಾದರೂ ವಾದಿಸಬಹುದು. ನಮ್ಮ ಅಭಿಪ್ರಾಯದಲ್ಲಿ, ಬಂದರೂ ಅದು ಒಪ್ಪಂದದ ಮಾತಾಗುತ್ತದೆಯೇ ಹೊರತು ಪೈರಸಿ ಆಗುವುದಿಲ್ಲ. ಟಿಪಿಎಂ ತಪಾಸಣೆ ಇರುವುದು ಯಂತ್ರದ ಯೋಗ್ಯತೆ ನೋಡಲು. ಹಣ ಕೊಟ್ಟಿರಾ ಇಲ್ಲವಾ ಎಂದು ನೋಡುವ ಬೀಗ ಬೇರೆ ಇದೆ, ಅದು ಆ್ಯಕ್ಟಿವೇಶನ್. ಇದಕ್ಕೂ ಮಿಗಿಲಾಗಿ, ತಪಾಸಣೆ ದಾಟಿಸುವ ಒಂದು ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಕೋಶ) ದಾರಿಯನ್ನು ಮೈಕ್ರೋಸಾಫ್ಟ್ ತಾನೇ ಬಹಳ ಕಾಲ ತನ್ನ ಸಹಾಯ ಪುಟದಲ್ಲಿ ಪ್ರಕಟಿಸಿತ್ತು, ಮುಂದೆ ತೆಗೆಯಿತು. ತಯಾರಕರೇ ತೋರಿಸಿದ ಬಾಗಿಲಿನಿಂದ ಒಳಗೆ ಹೋದವರನ್ನು ಕಳ್ಳರೆನ್ನುವುದು ಕಷ್ಟ.

ಮೊದಲು ಲೈಸೆನ್ಸ್ ನೋಡಿಕೊಳ್ಳಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ‘ಎಸ್ಎಲ್ಎಂಜಿಆರ್’ ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು ಓರೆಗೆರೆ, ‘ಡಿಎಲ್ಐ’ ಹಾಕಿ ಎಂಟರ್ ಒತ್ತಿ. ಸ್ವಲ್ಪ ಹೊತ್ತಿಗೆ ಒಂದು ಸಣ್ಣ ಚೌಕ ಬರುತ್ತದೆ. ಅದರಲ್ಲಿ ವಿವರಣೆಯ ಸಾಲಿನ ತುದಿಗೆ ಕಣ್ಣು ಹಾಯಿಸಿ. ‘ಓಇಎಂ’ ಎಂದಿದ್ದರೆ ಲೈಸೆನ್ಸ್ ಯಂತ್ರದ ಜೊತೆ ಬಂದದ್ದು, ಅದೇ ಯಂತ್ರಕ್ಕೆ ಕಟ್ಟಿದ್ದು. ಕೆಟ್ಟುಹೋಗದ ಮದರ್‌ಬೋರ್ಡನ್ನು ಸುಮ್ಮನೆ ಅಪ್‌ಗ್ರೇಡ್‌ಗಾಗಿ ಬದಲಿಸಿದರೆ ಲೈಸೆನ್ಸ್ ಅಲ್ಲಿಗೆ ಮುಗಿಯಿತು. ‘ರಿಟೇಲ್’ ಎಂದಿದ್ದರೆ ಹಳೆಯದರಿಂದ ತೆಗೆದು ಬೇರೆ ಯಂತ್ರಕ್ಕೆ ಒಯ್ಯಬಹುದು. ‘ವಾಲ್ಯೂಮ್’, ಜೊತೆಗೆ ‘ಕೆಎಂಎಸ್ ಕ್ಲೈಂಟ್’ ಎಂದಿದ್ದರೆ ಅಲ್ಲೇ ನಿಲ್ಲಿ. ಅದು ಸಂಸ್ಥೆಗಳಿಗೆ ಕೊಡುವ ಲೈಸೆನ್ಸ್, 180 ದಿನಕ್ಕೊಮ್ಮೆ ಸಂಸ್ಥೆಯ ಸರ್ವರಿನಿಂದ ನವೀಕರಣ ಆಗಬೇಕು. ಮನೆಯ ಕಂಪ್ಯೂಟರಿನಲ್ಲಿ ಅದು ಕಂಡರೆ ಹಿಂದೆ ಯಾರೋ ಕಳ್ಳ ಆ್ಯಕ್ಟಿವೇಟರ್ ಓಡಿಸಿದ್ದಾರೆ ಎಂದೇ ಹೆಚ್ಚಿನ ಪಾಲು ಅರ್ಥ. ಹಳೆಯ ಲ್ಯಾಪ್‌ಟಾಪ್ ಕೊಂಡವರು ಇದನ್ನು ತಪ್ಪದೆ ನೋಡಬೇಕು. ವಿಂಡೋಸ್ 11 ಹಾಕಿದ್ದಕ್ಕೂ ಈ ತಪ್ಪಿಗೂ ಸಂಬಂಧವಿಲ್ಲ. ಕೆಳಗಿನ ವಿಂಡೋಸ್ 10ರಲ್ಲೇ ಅದಿತ್ತು, ಮೇಲಕ್ಕೂ ಬಂತು, ಅಷ್ಟೆ.

ಆಮೇಲೆ ‘ಟಿಪಿಎಂ ಡಾಟ್ ಎಂಎಸ್‌ಸಿ’ ಓಡಿಸಿ. ಟಿಪಿಎಂ ಸಿಗಲಿಲ್ಲ ಎಂದರೆ ಗಾಬರಿ ಬೇಡ. ಏಳನೇ ತಲೆಮಾರಿನ ಬಹಳಷ್ಟು ಯಂತ್ರಗಳಲ್ಲಿ ಟಿಪಿಎಂ 2.0 ಚಿಪ್‌ಸೆಟ್ಟಿನ ಫರ್ಮ್‌ವೇರಿನಲ್ಲೇ ಇದ್ದು, ಬಯೋಸ್‌ನಲ್ಲಿ ಆಫ್ ಆಗಿರುತ್ತದೆ. ಇಂಟೆಲ್ ಬೋರ್ಡಿನಲ್ಲಿ ‘ಪಿಟಿಟಿ’, ಎಎಂಡಿಯಲ್ಲಿ ‘ಎಫ್‌ಟಿಪಿಎಂ’ ಎಂಬ ಹೆಸರು ಹುಡುಕಿ ಆನ್ ಮಾಡಿ. ಬಯೋಸ್ ಮುಟ್ಟುವ ಮೊದಲು ಡಿಸ್ಕಿಗೆ ಗುಪ್ತ ಬೀಗ ಹಾಕುವ ಬಿಟ್‌ಲಾಕರ್ ಇದೆಯೇ ನೋಡಿ, ಇದ್ದರೆ ತಾತ್ಕಾಲಿಕವಾಗಿ ನಿಲ್ಲಿಸಿ, 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಟಿಪಿಎಂ ‘ಕ್ಲಿಯರ್’ ಮಾಡಿ ಕೀ ಇಲ್ಲದೆ ಕುಳಿತರೆ ಡಿಸ್ಕಿನಲ್ಲಿರುವುದು ಮತ್ತೆ ಸಿಗುವುದಿಲ್ಲ. ಡಿಸ್ಕ್ ಹಳೆಯ ಎಂಬಿಆರ್ ಮಾದರಿಯಲ್ಲಿದ್ದು ಯಂತ್ರ ಲೆಗಸಿ ಮೋಡಿನಲ್ಲಿ ಬೂಟ್ ಆಗುತ್ತಿದ್ದರೆ, ವಿಂಡೋಸ್‌ನಲ್ಲೇ ಇರುವ ‘ಎಂಬಿಆರ್2ಜಿಪಿಟಿ’ ಉಪಕರಣದಿಂದ ಮೊದಲು ‘ವ್ಯಾಲಿಡೇಟ್’, ಅದು ಸರಿ ಎಂದರೆ ‘ಕನ್ವರ್ಟ್’ ಮಾಡಿ, ನಂತರ ಬಯೋಸ್‌ನಲ್ಲಿ ಹೊಸ ಬೂಟ್ ವಿಧಾನವಾದ ಯುಇಎಫ್ಐಗೆ ಬದಲಿಸಿ. ಪ್ರೈಮರಿ ಪಾರ್ಟಿಷನ್ ಮೂರಕ್ಕಿಂತ ಹೆಚ್ಚಿದ್ದರೆ ಅದು ಒಪ್ಪುವುದಿಲ್ಲ. ತಯಾರಕರ ರಿಕವರಿ ಪಾರ್ಟಿಷನ್ ಇರುವ ಲ್ಯಾಪ್‌ಟಾಪುಗಳು ಇಲ್ಲೇ ಸಿಕ್ಕಿಕೊಳ್ಳುವುದು.

ಇಷ್ಟಾದ ಮೇಲೆ ಉಳಿಯುವುದು ಪ್ರೊಸೆಸರಿನ ಅಡ್ಡಿ ಒಂದೇ. ರಿಜಿಸ್ಟ್ರಿ ಎಡಿಟರಿನಲ್ಲಿ ಲೋಕಲ್ ಮೆಷಿನ್, ಸಿಸ್ಟಂ, ಸೆಟಪ್, ‘ಮೋಸೆಟಪ್’ ಎಂಬ ಜಾಗಕ್ಕೆ ಹೋಗಿ. ಅಲ್ಲಿ 32 ಬಿಟ್‌ನ ಡಿವರ್ಡ್ ಒಂದನ್ನು ಮಾಡಿ, ‘ಅಲೌ ಅಪ್‌ಗ್ರೇಡ್ಸ್ ವಿತ್ ಅನ್‌ಸಪೋರ್ಟೆಡ್ ಟಿಪಿಎಂ ಆರ್ ಸಿಪಿಯು’ ಎಂಬ ಪದಗಳನ್ನು ನಡುವೆ ಜಾಗ ಬಿಡದೆ ಒಂದೇ ಹೆಸರಾಗಿ ಬರೆದು, ಬೆಲೆ 1 ಕೊಡಿ. ಮೈಕ್ರೋಸಾಫ್ಟ್ ತಾಣದಿಂದಲೇ ಇಳಿಸಿಕೊಂಡ ಐಎಸ್ಒ (ಇನ್‌ಸ್ಟಾಲ್ ಡಿಸ್ಕಿನ ಪೂರ್ತಿ ಪ್ರತಿ) ಫೈಲನ್ನು ಓಡುತ್ತಿರುವ ವಿಂಡೋಸ್ 10ರ ಒಳಗೆ ತೆರೆದು ಸೆಟಪ್ ಶುರುಮಾಡಿ. ಪೆನ್‌ಡ್ರೈವಿನಿಂದ ಬೂಟ್ ಮಾಡಿದರೆ ಈ ಕೀ ಲೆಕ್ಕಕ್ಕೇ ಬರುವುದಿಲ್ಲ; ‘ಮಾಡಿದೆ, ಆಗಲಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಈ ದಾರಿಗೆ ಕನಿಷ್ಠ ಟಿಪಿಎಂ 1.2 ಬೇಕು. ರೂಫಸ್‌ನಂಥ ಉಪಕರಣಗಳು ತಪಾಸಣೆಯನ್ನೇ ಪೂರ್ತಿ ತೆಗೆದ ಪೆನ್‌ಡ್ರೈವ್ ಮಾಡಿಕೊಡುತ್ತವೆ. ಅದೂ ನಡೆಯುತ್ತದೆ, ಆದರೆ ತಯಾರಕರು ಪ್ರಕಟಿಸಿದ ದಾರಿ ಎಂಬ ಆಸರೆ ಅದಕ್ಕಿಲ್ಲ. ಎರಡೂ ಸಾಧ್ಯವಿದ್ದಾಗ ಮೊದಲಿನದನ್ನೇ ಆರಿಸಿ.

ಸೆಟಪ್ ನಡುವೆ ಒಂದು ಎಚ್ಚರಿಕೆಯ ಪರದೆ ಬರುತ್ತದೆ. ಅದನ್ನು ನಿಧಾನವಾಗಿ ಓದಿ, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಮುಂದುವರಿದರೆ ನಿಮ್ಮ ಪಿಸಿಗೆ ಸಪೋರ್ಟ್ ಇರುವುದಿಲ್ಲ, ಅಪ್‌ಡೇಟ್ ಪಡೆಯುವ ಹಕ್ಕು ಇರುವುದಿಲ್ಲ, ಹೊಂದಾಣಿಕೆ ಇಲ್ಲದೆ ಆದ ಹಾನಿಗೆ ತಯಾರಕರ ವಾರಂಟಿ ಅನ್ವಯಿಸುವುದಿಲ್ಲ ಎನ್ನುತ್ತದೆ. ಇದು ಕಾನೂನುಬಾಹಿರ ಎಂದು ಎಲ್ಲೂ ಇಲ್ಲ. ಕೊನೆಗೆ ‘ಒಪ್ಪುತ್ತೇನೆ’ ಎಂಬ ಗುಂಡಿಯನ್ನು ಇಟ್ಟವರೂ ಅವರೇ. ವಿಂಡೋಸ್ 10ರ ಡಿಜಿಟಲ್ ಲೈಸೆನ್ಸ್ ಅಸಲಿಯಾಗಿದ್ದರೆ ಅದರಿಂದಲೇ 11 ಆ್ಯಕ್ಟಿವೇಟ್ ಆಗುತ್ತದೆ.

ನಡೆಯುವುದು ಹೇಗೆಂದರೆ, ತಿಂಗಳ ಭದ್ರತಾ ಅಪ್‌ಡೇಟುಗಳು ಸಾಮಾನ್ಯವಾಗಿ ಬರುತ್ತವೆ, ವರ್ಷಕ್ಕೊಮ್ಮೆಯ ದೊಡ್ಡ ಅಪ್‌ಡೇಟ್ ತಾನಾಗಿ ಬರುವುದಿಲ್ಲ. ಹೊಸ ಐಎಸ್ಒ ಇಳಿಸಿ ಇದೇ ಕೆಲಸ ಮತ್ತೆ ಮಾಡಬೇಕು. ಬಂದದ್ದು ನಾಳೆ ನಿಂತರೆ ಕೇಳುವ ಹಕ್ಕು ನಿಮಗಿಲ್ಲ ಎಂಬುದೇ ಆ ಪರದೆಯ ತಿರುಳು. ತೀರಾ ಹಳೆಯ ಯಂತ್ರಗಳಿಗೆ ಇನ್ನೊಂದು ಗೋಡೆಯಿದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಎಸ್ಎಸ್ಇ4.2 ಮತ್ತು ಪಾಪ್‌ಕೌಂಟ್ ಎಂಬ ಪ್ರೊಸೆಸರ್ ಸೂಚನೆಗಳು ಇರಲೇಬೇಕು. ಕೋರ್ 2 ಡುಯೋ ಕಾಲದ ಚಿಪ್‌ಗಳಲ್ಲಿ ಇವಿಲ್ಲ, ಯಾವ ರಿಜಿಸ್ಟ್ರಿ ಕೀ ಹಾಕಿದರೂ ಅಲ್ಲಿ ಬೂಟ್ ಆಗದು. ನಿಮ್ಮ ಏಳನೇ ತಲೆಮಾರಿಗೆ ಆ ತೊಂದರೆ ಇಲ್ಲ. ಅವಸರವಿಲ್ಲದವರಿಗೆ ಇನ್ನೊಂದು ದಾರಿಯನ್ನೂ ಹೇಳಬೇಕು: ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದರೂ, ಮನೆಬಳಕೆದಾರರಿಗೆ ವಿಸ್ತರಿಸಿದ ಭದ್ರತಾ ಅಪ್‌ಡೇಟ್ ಯೋಜನೆಯನ್ನು 2026ರ ಅಕ್ಟೋಬರ್ 13ರವರೆಗೆ ಎಂದು ಪ್ರಕಟಿಸಿದ್ದರು.

ಮ್ಯಾಕ್‌ಓಎಸ್ ವಿಷಯ ಹೀಗಿಲ್ಲ. ಅದರ ಲೈಸೆನ್ಸ್ ಯಂತ್ರವನ್ನು ಹೆಸರಿಟ್ಟೇ ಕಟ್ಟಿದೆ: ಆಪಲ್ ಬ್ರ್ಯಾಂಡಿನ ಕಂಪ್ಯೂಟರಿನಲ್ಲಿ ಮಾತ್ರ, ಬೇರೆ ಯಾವುದರಲ್ಲೂ ಹಾಕುವುದಿಲ್ಲ, ಓಡಿಸುವುದಿಲ್ಲ, ಬೇರೆಯವರಿಗೂ ಅನುವು ಮಾಡಿಕೊಡುವುದಿಲ್ಲ ಎಂದು ನೀವು ಒಪ್ಪುತ್ತೀರಿ. ಪೆಟ್ಟಿಗೆಯ ಮೇಲೆ ಆಪಲ್ ಸ್ಟಿಕ್ಕರ್ ಅಂಟಿಸಿದರೆ ಅದು ಆಪಲ್ ಕಂಪ್ಯೂಟರ್ ಆಗುತ್ತದೆ ಎಂಬ ವಾದ ಆಗಾಗ ಕಿವಿಗೆ ಬೀಳುತ್ತದೆ, ಅದನ್ನು ನಂಬಿ ಕೂರಬೇಡಿ. ಮ್ಯಾಕ್‌ಓಎಸ್ ಉಚಿತವಾಗಿ ಸಿಗುತ್ತದಲ್ಲ ಎನ್ನುವುದೂ ನಿಲ್ಲದು. ಅದರ ಬೆಲೆ ಯಂತ್ರದ ಬೆಲೆಯಲ್ಲೇ ಸೇರಿದೆ, ಅನುಮತಿಯೂ ಯಂತ್ರದ ಜೊತೆಗೇ ಇದೆ.

ಈ ಷರತ್ತು ನ್ಯಾಯಾಲಯದ ಮುಂದೆಯೂ ಹೋಗಿ ಬಂದಿದೆ. ಫ್ಲಾರಿಡಾದ ಸೈಸ್ಟಾರ್ ಎಂಬ ಕಂಪನಿ 2008ರಲ್ಲಿ ಮ್ಯಾಕ್‌ ಓಎಸ್ ಎಕ್ಸ್ ಹಾಕಿದ ಸಾಮಾನ್ಯ ಪಿಸಿಗಳನ್ನು ಮಾರಲು ಶುರುಮಾಡಿತು, ಅದೇ ಜುಲೈನಲ್ಲಿ ಆಪಲ್ ದಾವೆ ಹೂಡಿತು. ಸೈಸ್ಟಾರ್ ಮಾಡುತ್ತಿದ್ದುದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಹಣಕ್ಕೆ ಮಾಡಿಕೊಡುವವರೂ ಗೊತ್ತಿಲ್ಲದೆ ಅದನ್ನೇ ಮಾಡುತ್ತಾರೆ. ಮ್ಯಾಕ್ ಮಿನಿ ಒಂದರಿಂದ ವ್ಯವಸ್ಥೆಯ ಪ್ರತಿ ತೆಗೆದು, ತನ್ನದೇ ಬೂಟ್‌ಲೋಡರ್ ಮತ್ತು ಕರ್ನಲ್ ಎಕ್ಸ್‌ಟೆನ್ಷನ್ ಸೇರಿಸಿ, ಒಂದು ಮಾಸ್ಟರ್ ಪ್ರತಿ ಮಾಡಿ, ಅದನ್ನು ಮಾರುವ ಪ್ರತಿ ಯಂತ್ರಕ್ಕೂ ಇಳಿಸುತ್ತಿತ್ತು. ಪ್ರತಿ ಕಂಪ್ಯೂಟರಿನ ಜೊತೆ ಕೊಂಡ ಡಿವಿಡಿ ಇಟ್ಟರೂ ಅದು ರಕ್ಷಣೆ ಆಗಲಿಲ್ಲ, ಏಕೆಂದರೆ ಯಂತ್ರದೊಳಗಿದ್ದದ್ದು ಆ ಡಿವಿಡಿಯ ಪ್ರತಿ ಆಗಿರಲಿಲ್ಲ. 2009ರ ನವೆಂಬರ್‌ನಲ್ಲಿ ನ್ಯಾಯಾಧೀಶ ವಿಲಿಯಂ ಆಲ್ಸಪ್ ಪ್ರತಿ ಮಾಡಿದ್ದು, ಹಂಚಿದ್ದು, ಮಾರ್ಪಡಿಸಿದ್ದು ಮೂರೂ ಉಲ್ಲಂಘನೆ ಎಂದರು. ಆಪಲ್ ಯಂತ್ರದಲ್ಲಷ್ಟೇ ಇರುವ ಕೀಯಿಂದ ತೆರೆಯುವ ಬೀಗವನ್ನು ದಾಟಿದ್ದು ಡಿಎಂಸಿಎ ಉಲ್ಲಂಘನೆಯೂ ಆಯಿತು. ಡಿಸೆಂಬರ್‌ನಲ್ಲಿ ಶಾಶ್ವತ ತಡೆಯಾಜ್ಞೆ ಬಂತು. ಸಾಫ್ಟ್‌ವೇರನ್ನು ಹಾರ್ಡ್‌ವೇರಿಗೆ ಕಟ್ಟುವುದು ಕೃತಿಸ್ವಾಮ್ಯದ ದುರ್ಬಳಕೆ ಎಂದು ಸೈಸ್ಟಾರ್ ವಾದಿಸಿತ್ತು. 2011ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು: ನಿಮ್ಮದೇ ಆಪರೇಟಿಂಗ್ ಸಿಸ್ಟಂ ಬರೆಯುವುದನ್ನು ಈ ಲೈಸೆನ್ಸ್ ತಡೆಯುತ್ತಿಲ್ಲವಲ್ಲ ಎಂಬುದು ಅದರ ತರ್ಕ.

ಮನೆಯಲ್ಲಿ ಒಂದೇ ಯಂತ್ರಕ್ಕೆ ಹಾಕಿಕೊಳ್ಳುವವರು ಸೈಸ್ಟಾರ್ ಅಲ್ಲ, ನಿಜ. ದಾವೆಯ ಅಪಾಯ ಮಾರುವವರಿಗೆ ಹೆಚ್ಚು. ಹಾಗೆಂದು ಮನೆಯೊಳಗೆ ಅನುಮತಿ ಹುಟ್ಟುವುದಿಲ್ಲ. ಪಿಸಿಯಲ್ಲಿ ಮ್ಯಾಕ್‌ಓಎಸ್ ಬೂಟ್ ಮಾಡಿಸುವ ಓಪನ್‌ಕೋರ್ ಬೂಟ್‌ಲೋಡರ್ ಮುಕ್ತ ತಂತ್ರಾಂಶ, ಅದನ್ನು ಇಳಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ತಪ್ಪು ಶುರುವಾಗುವುದು ಅದರ ಮೂಲಕ ಪಿಸಿಯಲ್ಲಿ ಮ್ಯಾಕ್‌ಓಎಸ್ ಓಡಿಸಿದಾಗ. ಮ್ಯಾಕ್‌ನ ಸೀರಿಯಲ್ ನಂಬರ್ ಸೃಷ್ಟಿಸಿ ಐಕ್ಲೌಡ್‌ಗೆ ಲಾಗಿನ್ ಆಗುವುದು ಇನ್ನೂ ಮುಂದಿನ ಹೆಜ್ಜೆ. ಆ ನಂಬರ್ ಬೇರೆ ಯಾರದೋ ನಿಜವಾದ ಮ್ಯಾಕಿನದಾಗಿಬಿಟ್ಟರೆ ತೊಂದರೆ ಅವರಿಗೂ ತಟ್ಟುತ್ತದೆ, ನಿಮ್ಮ ಖಾತೆಗೂ ಬೀಗ ಬೀಳಬಹುದು. ಪಿಸಿಯಲ್ಲಿ ವರ್ಚುವಲ್ ಮೆಷಿನ್ ಮಾಡಿ ಹಾಕಿದರೂ ಷರತ್ತು ಅದೇ. ಲೈಸೆನ್ಸ್ ಒಪ್ಪುವುದು ಆಪಲ್ ಯಂತ್ರದ ಮೇಲೆ ಹೆಚ್ಚುವರಿ ಎರಡು ವರ್ಚುವಲ್ ಪ್ರತಿಗಳನ್ನು. ಈಗ ಈ ಶ್ರಮಕ್ಕೆ ಆಯಸ್ಸೂ ಕಡಿಮೆ. ಇಂಟೆಲ್ ಮ್ಯಾಕ್‌ಗಳಿಗೆ ಮ್ಯಾಕ್‌ಓಎಸ್ 26 ಟಾಹೋ ಕೊನೆಯದು ಎಂದು ಆಪಲ್ 2025ರ ಜೂನ್‌ನಲ್ಲಿ ಹೇಳಿದೆ.

ಇದೇ ಜಾತಿಯದ್ದಾಗಿ ಕಂಡರೂ ಬೇರೆಯಾದದ್ದು ಹಳೆಯ ಮ್ಯಾಕ್‌ಗೆ ಹೊಸ ಮ್ಯಾಕ್‌ಓಎಸ್ ಹಾಕುವುದು. ಓಪನ್‌ಕೋರ್ ಲೆಗಸಿ ಪ್ಯಾಚರ್ ಎಂಬ ಉಪಕರಣ ಇಲ್ಲಿ ಬಳಕೆಯಾಗುತ್ತದೆ. ಯಂತ್ರ ಆಪಲ್‌ನದೇ, ಇನ್‌ಸ್ಟಾಲರ್ ಆಪಲ್ ಸರ್ವರಿನಿಂದಲೇ ಬರುತ್ತದೆ, ಬ್ರ್ಯಾಂಡಿನ ಷರತ್ತು ಪೂರೈಸಿತು. ಉಳಿಯುವುದು ‘ಮಾರ್ಪಡಿಸಬಾರದು’ ಎಂಬ ಸಾಲು, ಏಕೆಂದರೆ ಹಳೆಯ ಗ್ರಾಫಿಕ್ಸ್, ವೈಫೈ ಡ್ರೈವರುಗಳನ್ನು ಅದು ಸಿಸ್ಟಂ ವಾಲ್ಯೂಮಿನೊಳಗೆ ಸೇರಿಸುತ್ತದೆ. ಸ್ವಂತ ಬಳಕೆಗೆ ಇದು ಸಣ್ಣ ಅಪಾಯ ಎಂದು ನಮ್ಮ ತೀರ್ಮಾನ. ತಾಂತ್ರಿಕ ಅಪಾಯ ಇದಕ್ಕಿಂತ ದೊಡ್ಡದು: ಸಿಸ್ಟಂ ವಾಲ್ಯೂಮಿನ ಸೀಲ್ ಮುರಿಯುತ್ತದೆ, ಸಿಸ್ಟಂ ಫೈಲುಗಳನ್ನು ಕಾಯುವ ಎಸ್ಐಪಿ ರಕ್ಷಣೆಯನ್ನು ಭಾಗಶಃ ತೆಗೆದಿಡಬೇಕು, ಪ್ರತಿ ಅಪ್‌ಡೇಟ್ ಪೂರ್ಣ ಗಾತ್ರದಲ್ಲಿ ಇಳಿಯುತ್ತದೆ, ಇಳಿದ ಮೇಲೆ ಪ್ಯಾಚ್ ಮತ್ತೆ ಹಾಕಬೇಕು. ಆಟೊಮ್ಯಾಟಿಕ್ ಅಪ್‌ಡೇಟ್ ಆಫ್ ಮಾಡದಿದ್ದರೆ ಒಂದು ಬೆಳಿಗ್ಗೆ ಪರದೆ ತೆವಳುತ್ತಾ ಏಳುತ್ತದೆ.

ಲಿನಕ್ಸ್‌ಗೆ ಈ ಪ್ರಶ್ನೆಯೇ ಇಲ್ಲ. ಯಾವ ಯಂತ್ರದಲ್ಲಿ ಓಡಿಸಬೇಕೆಂದು ಅದರ ಲೈಸೆನ್ಸ್ ಆದ ಜಿಪಿಎಲ್ ಕೇಳುವುದಿಲ್ಲ. ಆಪಲ್ ಸಿಲಿಕಾನ್ ಮ್ಯಾಕ್‌ಗಳಲ್ಲಿ ಅಸಾಹಿ ಲಿನಕ್ಸ್ ಹಾಕುವುದಕ್ಕೂ ಅಡ್ಡಿಯಿಲ್ಲ, ಬೇರೆ ಕರ್ನಲ್ ಬೂಟ್ ಮಾಡಲು ಆಪಲ್ ದಾರಿ ಬಿಟ್ಟಿದೆ. ಅದೇ ಮ್ಯಾಕ್‌ಗಳಲ್ಲಿ ಆರ್ಮ್ ವಿಂಡೋಸ್ 11 ಓಡಿಸುವವರು ಬಹಳ ಕಾಲ ಅಸ್ಪಷ್ಟತೆಯಲ್ಲೇ ಇದ್ದರು. 2023ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್ ಪ್ಯಾರಲಲ್ಸ್ ಎಂಬ ವರ್ಚುವಲ್ ಮೆಷಿನ್ ತಂತ್ರಾಂಶದ ಮೂಲಕ ಪ್ರೊ ಮತ್ತು ಎಂಟರ್‌ಪ್ರೈಸ್ ಆವೃತ್ತಿಗಳನ್ನು ಓಡಿಸಬಹುದು ಎಂದು ಅಧಿಕೃತವಾಗಿ ಹೇಳಿದ ಮೇಲೆ ಅದು ತಿಳಿಯಾಯಿತು.

ಇನ್ನು ಹಣ ತೆಗೆದುಕೊಂಡು ಮಾಡಿಕೊಡುವುದು. ನಿಮ್ಮ ಶ್ರಮಕ್ಕೆ ಹಣ ಪಡೆಯಬಹುದು, ಪ್ರತಿಗೆ ಪಡೆಯಬಾರದು. ಯಂತ್ರ ಅವರದು, ಲೈಸೆನ್ಸ್ ಅವರದು, ಐಎಸ್ಒ ಅವರ ಎದುರಲ್ಲೇ ತಯಾರಕರ ತಾಣದಿಂದ ಇಳಿದದ್ದು, ಒಪ್ಪಿಗೆಯ ಗುಂಡಿ ಒತ್ತಿದ್ದು ಅವರೇ ಎಂದಿದ್ದರೆ ವಿಂಡೋಸ್‌ನಲ್ಲಿ ನೀವು ಸುರಕ್ಷಿತ. ತಪಾಸಣೆ ಕತ್ತರಿಸಿ, ಬೇಡದ್ದನ್ನು ತೆಗೆದು ಹಗುರ ಮಾಡಿದ ಐಎಸ್ಒ ಒಂದನ್ನು ನೀವೇ ತಯಾರಿಸಿ ಎಲ್ಲರಿಗೂ ಅದನ್ನೇ ಹಾಕುವುದು ಬೇರೆ. ಅದು ಮಾರ್ಪಡಿಸಿದ ಪ್ರತಿಯ ಹಂಚಿಕೆ, ಸೈಸ್ಟಾರಿನ ಮಾಸ್ಟರ್ ಪ್ರತಿಗೂ ಅದಕ್ಕೂ ಹೆಚ್ಚು ದೂರವಿಲ್ಲ. ಆ್ಯಕ್ಟಿವೇಟರ್ ಓಡಿಸಿಕೊಡಿ ಎಂದರೆ ಆಗುವುದಿಲ್ಲ ಎನ್ನಿ. ಉಲ್ಲಂಘಿಸಿದ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸುವುದೇ ಭಾರತದಲ್ಲಿ 63ಬಿ ಕಲಂ ಕೆಳಗೆ ಅಪರಾಧ, ಏಳು ದಿನದಿಂದ ಮೂರು ವರ್ಷದವರೆಗೆ ಶಿಕ್ಷೆಗೆ ಎಡೆಯಿದೆ. ಪಿಸಿಗೆ ಮ್ಯಾಕ್‌ಓಎಸ್ ಕೇಳಿ ಬಂದವರಿಗೂ ಅದೇ ಉತ್ತರ ಕೊಡಿ, ‘ಬೇರೆಯವರಿಗೆ ಅನುವು ಮಾಡಿಕೊಡುವುದಿಲ್ಲ’ ಎಂಬ ಸಾಲು ನಿಮ್ಮನ್ನೇ ನೋಡುತ್ತಿದೆ.

ವಿಂಡೋಸ್ 11 ಹಾಕಿಕೊಟ್ಟಾಗ ಒಂದು ಚೀಟಿ ಬರೆದುಕೊಡಿ. ಯಂತ್ರದ ಮಾದರಿ, ಹಾಕಿದ ಆವೃತ್ತಿ, ದಾಟಿಸಿದ ತಪಾಸಣೆ ಯಾವುದು, ವರ್ಷದ ಅಪ್‌ಡೇಟ್ ತಾನಾಗಿ ಬರುವುದಿಲ್ಲ ಎಂಬ ಮಾತು, ಬಿಟ್‌ಲಾಕರ್ ಕೀ ಅವರ ಬಳಿಯೇ ಇದೆ ಎಂಬುದು. ಕೆಳಗೆ ಅವರ ಸಹಿ, ಒಂದು ಪ್ರತಿ ನಿಮಗೆ. ಅವರು ಮುಂದೆ ಆ ಲ್ಯಾಪ್‌ಟಾಪ್ ಮಾರಿದರೆ ಕೊಳ್ಳುವವರಿಗೂ ಚೀಟಿ ದಾಟಲಿ ಎಂದು ಅದರಲ್ಲೇ ಬರೆಯಿರಿ.